ಸುಶೀಲ್ ಕುಮಾರ್ ಮರೆತುಹೋದ, ಕನ್ವರ್‌ಲಾಲ್ ಉಳಿದ

ಕೀಚಕನನ್ನು ಕೊಂದವರು ಯಾರೆಂದು ವಿರಾಟನಗರದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸೈರಂಧ್ರಿಯ ಗಂಧರ್ವ ಗಂಡಂದಿರು ರಾತ್ರಿ ಬಂದು ಮುಗಿಸಿ ಹೋದರಂತೆ ಎಂಬ ಸುದ್ದಿ ಊರಲ್ಲಿ ಹಬ್ಬಿತು. ರಾಜನೂ ಅದನ್ನೇ ನಂಬಿ ಸುಮ್ಮನಾದ. ಅಡುಗೆಮನೆಯ ವಲಲನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಎಲ್ಲ ಗೊತ್ತಿದ್ದದ್ದು ಕತೆ ಕೇಳುವವರಿಗೆ ಮಾತ್ರ. ಯಕ್ಷಗಾನದ ಮೇಳಗಳು ಇವತ್ತಿಗೂ ಈ ಪ್ರಸಂಗ ಆಡುತ್ತವೆ, ನಾಟ್ಯಶಾಲೆಯ ಕತ್ತಲಲ್ಲಿ ಹೆಣ್ಣುವೇಷದ ಭೀಮ ಕಾದು ಕೂತಾಗ ನಿದ್ದೆಗಣ್ಣಿನ ಪ್ರೇಕ್ಷಕರೂ ಎದ್ದು ಕೂರುತ್ತಾರೆ.

ಆದರೆ ದ್ರೌಪದಿ ಮೊದಲಿಗೇ ಭೀಮನ ಹತ್ತಿರ ಹೋದವಳಲ್ಲ. ಆಸ್ಥಾನಕ್ಕೆ ಓಡಿದಳು. ತುಂಬಿದ ಸಭೆಯಲ್ಲೇ ಕೀಚಕ ಅವಳನ್ನು ಒದ್ದ. ವಿರಾಟ ಬಾಯಿ ಬಿಡಲಿಲ್ಲ, ಏಕೆಂದರೆ ಒದ್ದವನು ಹೆಂಡತಿಯ ತಮ್ಮ, ಮೇಲಾಗಿ ಸೇನಾಪತಿ. ಕಂಕನ ವೇಷದಲ್ಲಿ ಅಲ್ಲೇ ಕೂತಿದ್ದ ಧರ್ಮರಾಯ ಅವಳಿಗೇ ಸಮಾಧಾನ ಹೇಳಿ ಕಳಿಸಿದ. ನ್ಯಾಯ ಕೇಳಬೇಕಾದ ಕಡೆಯಲ್ಲೆಲ್ಲ ಕೇಳಿ, ಎಲ್ಲೂ ಸಿಗದೆ, ಕೊನೆಗೆ ರಾತ್ರಿ ಅಡುಗೆಮನೆಗೆ ಹೋದಳು. ಮುಂದೆ ಸಾವಿರಾರು ಕಾದಂಬರಿ, ನಾಟಕ, ಸಿನಿಮಾಗಳು ಬಳಸಿದ ಚೌಕಟ್ಟು ಇಷ್ಟರಲ್ಲೇ ಇದೆ: ಅನ್ಯಾಯ ನಮ್ಮ ಕಣ್ಣೆದುರೇ ನಡೆಯಬೇಕು, ಅಧಿಕಾರದಲ್ಲಿರುವವನು ಮುಖ ತಿರುಗಿಸಬೇಕು, ಆಮೇಲೆ ಒಬ್ಬ ಎದ್ದು ಬರಬೇಕು.

ಕಾನೂನನ್ನು ಕೈಗೆತ್ತಿಕೊಳ್ಳುವ ನಾಯಕನ ಬಗ್ಗೆ ನಮ್ಮಲ್ಲಿ ಜಗಳ ಹೊಸದೇನಲ್ಲ. ಲಾಂಗು ಹಿಡಿದ ನಾಯಕನ ಸಿನಿಮಾ ಗೆದ್ದಾಗಲೆಲ್ಲ ಟಿವಿಯಲ್ಲಿ ಅದೇ ಚರ್ಚೆ. ಹುಡುಗರು ಹಾಳಾಗುತ್ತಿದ್ದಾರೆ ಎಂದು ಒಬ್ಬರು, ಸಿನಿಮಾವನ್ನು ಸಿನಿಮಾ ಥರ ನೋಡಿ ಎಂದು ಇನ್ನೊಬ್ಬರು, ಕೋರ್ಟು ಸರಿಯಾಗಿದ್ದರೆ ಇಂಥ ಸಿನಿಮಾ ಯಾಕೆ ಓಡುತ್ತಿತ್ತು ಎಂದು ಮೂರನೆಯವರು. ಮೂವರೂ ಹೇಳುವುದರಲ್ಲಿ ಅಷ್ಟಷ್ಟು ನಿಜ ಇರುವುದರಿಂದಲೇ ಮಾತು ಮುಂದೆ ಹೋಗುವುದಿಲ್ಲ. ಈ ನಾಯಕ ಎಲ್ಲಿಂದ ಬಂದ, ಬರುವ ದಾರಿಯಲ್ಲಿ ಏನನ್ನು ಬಿಟ್ಟುಬಂದ ಎಂದು ನೋಡಿದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳಬಹುದು.

ಲಾವಣಿಯಿಂದ ಕಂಪನಿ ನಾಟಕಕ್ಕೆ

ರನ್ನನ ಗದಾಯುದ್ಧದಲ್ಲಿ ಭೀಮ ನಿಯಮ ಮುರಿದು ತೊಡೆಗೆ ಹೊಡೆದೇ ಗೆಲ್ಲುವುದು. ಕಾವ್ಯದ ನಾಯಕ ಅವನೇ. ಆದರೂ ಓದುವವನ ಕಣ್ಣು ಒದ್ದೆಯಾಗುವುದು ದುರ್ಯೋಧನನಿಗಾಗಿ. ನಾಯಕ ತಪ್ಪು ಮಾಡಿದ್ದಾನೆ, ಆದರೂ ಗೆಲ್ಲಬೇಕು ಎಂಬ ಇಕ್ಕಟ್ಟು ಕನ್ನಡಕ್ಕೆ ಸಾವಿರ ವರ್ಷ ಹಳೆಯದು.

ಹತ್ತೊಂಬತ್ತನೇ ಶತಮಾನಕ್ಕೆ ಬಂದರೆ ನಾಯಕರು ಅರಮನೆ ಬಿಟ್ಟು ಊರೊಳಗೆ ಬಂದಿರುತ್ತಾರೆ. ಸಂಗೊಳ್ಳಿ ರಾಯಣ್ಣ ಮತ್ತು ಅವನ ಸಂಗಡಿಗರು ಸರ್ಕಾರಿ ಕಚೇರಿಗಳಿಗೆ ನುಗ್ಗಿ ದಫ್ತರಗಳನ್ನು ಸುಟ್ಟರು. ಯಾರ ಹೊಲ ಯಾರದ್ದು, ಎಷ್ಟು ಕಂದಾಯ ಬಾಕಿ ಎಂದು ಬರೆದಿಟ್ಟ ಕಾಗದಗಳವು. ಆ ಬೆಂಕಿಯ ಅರ್ಥವನ್ನು ರೈತನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರು ಸುಟ್ಟಿತು, ಸಿಕ್ಕವರನ್ನು ನೇಣಿಗೆ ಹಾಕಿದರು. ಇಬ್ಬರ ಮೇಲೂ ಲಾವಣಿಗಳು ಹುಟ್ಟಿದವು. ಅವುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ನೇಣು ಹಾಕಿದ ಸರ್ಕಾರದ್ದೇ ಅಧಿಕಾರಿ! ಇತಿಹಾಸಕ್ಕೆ ಇಂಥ ತಮಾಷೆಗಳೆಂದರೆ ಇಷ್ಟ.

ಹಲಗಲಿಯ ಲಾವಣಿಯನ್ನು ಶಾಲೆಯಲ್ಲಿ ಓದಿದವರು ಅದರ ಕೊನೆಯ ಭಾಗವನ್ನು ನೆನಪಿಸಿಕೊಳ್ಳಬೇಕು. ವೀರರು ಬಿದ್ದ ಮೇಲೆ ಲಾವಣಿಕಾರ ಹಾಡು ನಿಲ್ಲಿಸುವುದಿಲ್ಲ, ಊರಿನಿಂದ ಏನೇನು ಲೂಟಿಯಾಯಿತು ಎಂದು ಪಟ್ಟಿ ಹೇಳುತ್ತಾನೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಗಂಗಾಳ, ಮಂಗಳಸೂತ್ರ, ಬೀಸುವ ಕಲ್ಲು. ಹೋರಾಡಿದವನ ಕೆಚ್ಚನ್ನು ಹೊಗಳುವ ಬಾಯಿಯೇ ಅದಕ್ಕೆ ಊರು ಏನು ತೆತ್ತಿತು ಎಂಬುದನ್ನೂ ಲೆಕ್ಕ ಹಾಕುತ್ತದೆ. ಲಾವಣಿಯ ನಾಯಕ ಊರಿನವನು, ಅವನ ಜಗಳ ಊರಿನ ಜಗಳ, ಅದರ ಫಲವನ್ನು ಊರು ಉಣ್ಣಬೇಕು. ಈ ಲೆಕ್ಕ ಎಲ್ಲಿಯವರೆಗೆ ಉಳಿಯಿತು, ಎಲ್ಲಿ ಕಳೆದುಹೋಯಿತು ಎಂಬುದೇ ನನ್ನ ಮಟ್ಟಿಗೆ ಮುಂದಿನ ಕತೆ.

1920ರ ದಶಕದಲ್ಲಿ ಪೊಲೀಸರ ಗುಂಡಿಗೆ ಬಿದ್ದ ಸಿಂಧೂರ ಲಕ್ಷ್ಮಣ ಉತ್ತರ ಕರ್ನಾಟಕದ ಕಂಪನಿ ನಾಟಕಗಳಿಗೆ ಹೇಳಿ ಮಾಡಿಸಿದ ಪಾತ್ರವಾದ. ಉಳ್ಳವರನ್ನು ದೋಚಿ ಇಲ್ಲದವರಿಗೆ ಕೊಟ್ಟವನೆಂದು ಜನ ನಂಬಿದ್ದರು. ಜಾತ್ರೆಗಳಲ್ಲಿ ಆ ನಾಟಕ ಎಷ್ಟು ಸಲ ಆಡಿದರೂ ಟಿಕೆಟ್ ಉಳಿಯುತ್ತಿರಲಿಲ್ಲ. ನಾಟಕದ ಕೊನೆಯಲ್ಲಿ ಲಕ್ಷ್ಮಣ ಸಾಯಲೇಬೇಕಿತ್ತು. ಬದುಕಿಸಿದ್ದರೆ ನೋಡುವವರು ಒಪ್ಪುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಹೊರಟುಹೋದವನು, ತಿರುಗಿಬಿದ್ದವನು

ಸ್ವಾತಂತ್ರ್ಯದ ನಂತರದ ಎರಡೂವರೆ ದಶಕ ಈ ನಾಯಕ ಬಹುಮಟ್ಟಿಗೆ ಕಾಣೆಯಾದ. ರಾಜ್ಯ ನಮ್ಮದೇ ಆಗಿತ್ತು, ಅದರ ಮೇಲೆ ಸಿಟ್ಟಾಗುವುದು ಹೇಗೆ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕೊಲೆಗಾರನನ್ನು ಪತ್ತೆ ಹಚ್ಚಿ ಪೊಲೀಸರಿಗೆ ಒಪ್ಪಿಸುತ್ತಿದ್ದ, ಅಲ್ಲಿಗೆ ಪುಸ್ತಕ ಮುಗಿಯುತ್ತಿತ್ತು. ಮುಂದೆ ಕೋರ್ಟಿನಲ್ಲಿ ಏನಾಯಿತೆಂದು ಯಾವ ಓದುಗನೂ ಕೇಳುತ್ತಿರಲಿಲ್ಲ. ಶಿಕ್ಷೆ ಆಗಿಯೇ ಆಗುತ್ತದೆ ಎಂಬ ನಂಬಿಕೆ ಆ ಕೊನೆಯ ಪುಟದಲ್ಲಿತ್ತು.

1972 ಒಂದು ವಿಚಿತ್ರ ವರ್ಷ. ವರ್ಷದ ಮೊದಲರ್ಧದಲ್ಲಿ ‘ಬಂಗಾರದ ಮನುಷ್ಯ’ ಬಂತು. ತಾನು ಕಟ್ಟಿದ ಮನೆಯಲ್ಲೇ ಅನುಮಾನಕ್ಕೆ ಗುರಿಯಾದ ರಾಜೀವ ಒಂದು ಮಾತೂ ಆಡದೆ ಮನೆ ಬಿಟ್ಟು ಹೊರಡುತ್ತಾನೆ. ಅನ್ಯಾಯಕ್ಕೆ ಅವನ ಉತ್ತರ ಅಷ್ಟೇ. ವರ್ಷದ ಕೊನೆಗೆ ‘ನಾಗರಹಾವು’ ಬಂತು. ರಾಮಾಚಾರಿಗೆ ಹಾಗೆ ಹೊರಟುಹೋಗಲು ಬರುವುದಿಲ್ಲ, ಅವನು ಬುಸುಗುಟ್ಟುತ್ತಾನೆ. ಸಿಟ್ಟಿನ ಯುವಕ ಹಿಂದಿಯಲ್ಲಿ 1973ರ ‘ಜಂಜೀರ್’ನಿಂದ ಶುರುವಾದ ಎಂದು ಹೇಳುವವರಿಗೆ, ಚಿತ್ರದುರ್ಗದ ಹುಡುಗನೊಬ್ಬ ಕೆಲವು ತಿಂಗಳು ಮೊದಲೇ ಬಂದಿದ್ದ ಎಂದು ನೆನಪಿಸಬಹುದು. ಆದರೆ ರಾಮಾಚಾರಿಯ ಸಿಟ್ಟಿಗೆ ಗುರಿಯಿಲ್ಲ. ಅದು ಪ್ರೀತಿಸಿದ ಮೇಷ್ಟ್ರನ್ನೂ ಬಿಡುವುದಿಲ್ಲ, ಕೊನೆಗೆ ಅವನನ್ನೂ ಬಿಡುವುದಿಲ್ಲ. ಅವನು ಯಾರಿಗೂ ನ್ಯಾಯ ಕೊಡಿಸಲು ಹೊರಟವನಲ್ಲ. ಆ ಸಿಟ್ಟಿಗೆ ಒಂದು ವಿಳಾಸ ಸಿಗಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

1981

ಆ ವಿಳಾಸ ವಿಧಾನಸೌಧ. ಎಚ್.ಕೆ. ಅನಂತರಾವ್ ಅವರ ‘ಅಂತ’ ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. 1981ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅದನ್ನು ಸಿನಿಮಾ ಮಾಡಿದರು. ಪ್ರಾಮಾಣಿಕ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ತನ್ನಂತೆಯೇ ಇರುವ ಕನ್ವರ್‌ಲಾಲ್ ಎಂಬ ಪಾತಕಿಯ ವೇಷದಲ್ಲಿ ದುಷ್ಟಕೂಟದೊಳಗೆ ಹೋಗುತ್ತಾನೆ. ಆ ಕೂಟದಲ್ಲಿ ಕೂತವರೆಲ್ಲ ಹಗಲಿನ ದೊಡ್ಡ ಮನುಷ್ಯರು.

ಆ ಹೊತ್ತಿನ ಕರ್ನಾಟಕ ಹೇಗಿತ್ತು ಎಂದು ಒಮ್ಮೆ ನೋಡಬೇಕು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರ್ ಆಗಿತ್ತು. ಹೊಲಕ್ಕೆ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದಿದ್ದಕ್ಕೆ ಅವರು ಬೀದಿಗೆ ಬಂದಿದ್ದರು. ಅದೇ ವರ್ಷ ‘ಲಂಕೇಶ್ ಪತ್ರಿಕೆ’ ಶುರುವಾಯಿತು. ಮಂತ್ರಿಗಳ ಹೆಸರು ಹಿಡಿದು, ಅಡ್ಡಹೆಸರು ಕೊಟ್ಟು ಬರೆಯುವ ಪತ್ರಿಕೆಯನ್ನು ಜನ ಅಂಗಡಿಯ ಮುಂದೆ ನಿಂತೇ ಓದಿ ಮುಗಿಸುತ್ತಿದ್ದರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಡವರು. ಹಗಲಿನ ದೊಡ್ಡ ಮನುಷ್ಯರೇ ರಾತ್ರಿಯ ಪಾತಕಿಗಳು ಎಂಬ ಕತೆಯನ್ನು ನಂಬಲು ಆ ಪ್ರೇಕ್ಷಕರಿಗೆ ಕಲ್ಪನಾಶಕ್ತಿಯ ಅಗತ್ಯವೇ ಇರಲಿಲ್ಲ.

ಚಿತ್ರದ ಹಿಂಸೆ ಅತಿಯಾಯಿತೆಂದು ಗದ್ದಲವಾಯಿತು. ಗರ್ಭಿಣಿ ಹೆಂಡತಿಯನ್ನು ಹಿಂಸಿಸುವ ದೃಶ್ಯವನ್ನು ಆಗ ನೋಡಿದವರು ಇವತ್ತಿಗೂ ಮರೆತಿಲ್ಲ. ಆ ದೃಶ್ಯ ಬಲು ಲೆಕ್ಕಾಚಾರದ್ದು. ಪ್ರೇಕ್ಷಕನನ್ನು ಅದು ಪ್ರತ್ಯಕ್ಷ ಸಾಕ್ಷಿಯಾಗಿಸುತ್ತದೆ. ಆಮೇಲೆ ಅವನಿಗೆ ತನಿಖೆ ಬೇಡ, ಪಂಚನಾಮೆ ಬೇಡ, ಪಾಟೀಸವಾಲು ಬೇಡ. ತಾನೇ ನೋಡಿದ್ದಾನಲ್ಲ! ನ್ಯಾಯಾಧೀಶನಿಗೆ ಯಾವತ್ತೂ ಸಿಗದ ಖಾತ್ರಿ ಎರಡನೇ ದರ್ಜೆಯ ಟಿಕೆಟ್ ಕೊಂಡವನಿಗೆ ಸಿಕ್ಕಿಬಿಡುತ್ತದೆ. ಈ ನಾಯಕನ ನೈತಿಕ ಆಕರ್ಷಣೆ ಇರುವುದೇ ಇಲ್ಲಿ ಎಂದು ನನ್ನ ತಿಳಿವಳಿಕೆ. ರಕ್ತ ಚೆಲ್ಲುವುದನ್ನು ನೋಡುವ ಚಪಲ ಸ್ವಲ್ಪ ಇದ್ದೀತು. ಆದರೆ ಜನ ಮತ್ತೆ ಮತ್ತೆ ಹೋಗುವುದು ತಪ್ಪಾಗುವ ಭಯವಿಲ್ಲದೆ ತೀರ್ಪು ಕೊಡುವ ಸುಖಕ್ಕೆ.

ಇನ್ನೊಂದು ಸಂಗತಿ ಚಿತ್ರ ಮಾಡಿದವರಿಗೂ ಅಂದಾಜಿದ್ದಿರಲಾರದು. ಪ್ರೇಕ್ಷಕರು ಮನೆಗೆ ಒಯ್ದದ್ದು ಸುಶೀಲ್ ಕುಮಾರನನ್ನಲ್ಲ. ಬೀದಿಯಲ್ಲಿ, ಹಾಸ್ಟೆಲಿನಲ್ಲಿ, ಮಿಮಿಕ್ರಿಯವರ ಬಾಯಲ್ಲಿ ನಲವತ್ತು ವರ್ಷ ಬದುಕಿದ್ದು ಕನ್ವರ್‌ಲಾಲ್, ಅವನ ನಡಿಗೆ, ಅವನ ಹಿಂದಿ ಬೆರೆತ ದನಿ. ಕತೆಯೊಳಗೆ ಅದು ಒಳ್ಳೆಯವನು ಹಾಕಿಕೊಂಡ ಮುಖವಾಡ. ಹೊರಗೆ ಬಂದಾಗ ಮುಖವಾಡವೇ ಮುಖವಾಗಿತ್ತು. ಅಂಬರೀಷ್ ‘ರೆಬೆಲ್ ಸ್ಟಾರ್’ ಆದದ್ದರಲ್ಲಿ ಸಭ್ಯ ಇನ್‌ಸ್ಪೆಕ್ಟರನ ಪಾಲು ಅಷ್ಟಕ್ಕಷ್ಟೇ.

1983ರಲ್ಲಿ ಎನ್. ವೀರಾಸ್ವಾಮಿ ನಿರ್ಮಾಣದ ‘ಚಕ್ರವ್ಯೂಹ’ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮರುವರ್ಷ ಅದು ಹಿಂದಿಗೆ ಹೋದಾಗ ಅಮಿತಾಭ್ ಬಚ್ಚನ್ ಮುಖ್ಯಮಂತ್ರಿಯಾಗಿ ತನ್ನದೇ ಸಂಪುಟದ ಮಂತ್ರಿಗಳನ್ನು ಗುಂಡಿಟ್ಟು ಕೊಂದರು. ಬಾಂಬೆಯವರಿಂದ ನಾವು ಕಲಿತೆವು ಎನ್ನುತ್ತೇವೆ, ಈ ವಿಷಯದಲ್ಲಿ ಸರಕು ಗಾಂಧಿನಗರದಿಂದಲೂ ಆ ಕಡೆ ಹೋಗಿದೆ.

ಈ ಹಂತದ ಚಿತ್ರಗಳಲ್ಲಿ ಒಂದು ಶಿಸ್ತು ಉಳಿದಿತ್ತು. ಕೊನೆಯ ರೀಲಿನಲ್ಲಿ ಜೀಪಿನ ಸದ್ದು ಕೇಳಬೇಕು, ನಾಯಕ ಎರಡೂ ಕೈ ಮುಂದೆ ಚಾಚಬೇಕು ಅಥವಾ ಗುಂಡೇಟಿಗೆ ಬೀಳಬೇಕು. ಇದಕ್ಕೆ ಸೆನ್ಸಾರ್ ಮಂಡಳಿಯ ಮಾರ್ಗಸೂಚಿಯೂ ಕಾರಣ. ಸಮಾಜವಿರೋಧಿ ಕೃತ್ಯಗಳನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು ಎಂದು ಅದು ಹೇಳುತ್ತದೆ. ಅಮೆರಿಕದಲ್ಲೂ 1934ರಿಂದ ಮೂರು ದಶಕ ಇಂಥದೇ ನಿಯಮಾವಳಿ ಹಾಲಿವುಡ್ಡನ್ನು ಆಳಿತು. ಪ್ರೇಕ್ಷಕರು ಶಿಳ್ಳೆ ಹಾಕುತ್ತ ಆ ಕೊನೆಯ ಐದು ನಿಮಿಷವನ್ನು ಸಹಿಸಿಕೊಳ್ಳುತ್ತಿದ್ದರು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾಯಕ ಮಾಡಿದ್ದು ಸರಿ, ಆದರೂ ತಪ್ಪು ಎಂಬ ಎರಡನ್ನೂ ಒಟ್ಟಿಗೆ ಹಿಡಿದಿಡುತ್ತಿದ್ದದ್ದು ಆ ಬೇಡಿಯೇ. ಹಲಗಲಿಯ ಲಾವಣಿಕಾರನ ಪಟ್ಟಿ ಅಲ್ಲಿ ಬೇಡಿಯ ರೂಪದಲ್ಲಿ ಉಳಿದಿತ್ತು.

ಅದೇ ದಶಕದ ಕೊನೆಗೆ ಇನ್ನೊಂದು ಕವಲು ಒಡೆಯಿತು. ಕಾನೂನು ಮುರಿಯುವವನಿಗೆ ಖಾಕಿ ಹಾಕಿಬಿಟ್ಟರೆ ಬೇಡಿಯ ಗೊಡವೆಯೇ ಇಲ್ಲ. 1988ರಲ್ಲಿ ಶಂಕರ್‌ನಾಗ್ ನಟಿಸಿದ ‘ಸಾಂಗ್ಲಿಯಾನ’ ಸೇವೆಯಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರ ಹೆಸರನ್ನೇ ಇಟ್ಟುಕೊಂಡು ಬಂತು. ಆ ಅಧಿಕಾರಿ 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೂ ಗೆದ್ದರು. 1996ರ ‘ಪೊಲೀಸ್ ಸ್ಟೋರಿ’ಯಿಂದ ಸಾಯಿಕುಮಾರ್ ಅವರ ಉದ್ದುದ್ದ ಸಂಭಾಷಣೆಗಳ ಯುಗ. ಮಾಲಾಶ್ರೀ ಖಾಕಿ ತೊಟ್ಟು ಹೊಡೆದಾಗ ಮಹಿಳೆಯರೂ ಶಿಳ್ಳೆ ಹಾಕಿದರು ಎಂಬುದು ಈ ಕವಲಿನ ಒಂದು ಒಳ್ಳೆಯ ನೆನಪು. 2011ರಲ್ಲಿ ತಮಿಳಿನ ‘ಸಿಂಗಂ’ ಕನ್ನಡಕ್ಕೆ ‘ಕೆಂಪೇಗೌಡ’ ಆಗಿ, ಹಿಂದಿಗೆ ಅದೇ ಹೆಸರಲ್ಲಿ ಹೋದ ಮೇಲೆ ‘ಸಿಂಗಂ’ ಎಂಬುದು ಸಿನಿಮಾ ಬಿಟ್ಟು ಬಂದು ನಿಜವಾದ ಅಧಿಕಾರಿಗಳಿಗೆ ಅಂಟಿದ ಬಿರುದಾಯಿತು. ಕ್ಷಿಪ್ರ ನ್ಯಾಯ ಕೊಡುವ ಇಂಥ ಪೊಲೀಸ್ ನಾಯಕನ ಚಿತ್ರಣ ಅಪಾಯಕಾರಿ ಸಂದೇಶ ಕೊಡುತ್ತದೆ ಎಂದು ಬಾಂಬೆ ಹೈಕೋರ್ಟಿನ ಆಗಿನ ನ್ಯಾಯಮೂರ್ತಿ ಗೌತಮ್ ಪಟೇಲ್ 2023ರಲ್ಲಿ, ಅದೂ ಪೊಲೀಸ್ ಸುಧಾರಣೆಯ ಬಗೆಗಿನ ಕಾರ್ಯಕ್ರಮದಲ್ಲಿ, ಹೇಳಬೇಕಾಯಿತು.

ಲಾಂಗಿನ ದಿನಗಳು

1995ರಲ್ಲಿ ‘ಓಂ’ ಬಂತು. ಪುರೋಹಿತರ ಮನೆಯ ಹುಡುಗ ಸತ್ಯ ರೌಡಿಯಾಗುವ ಕತೆ. ಉಪೇಂದ್ರ ಬೆಂಗಳೂರಿನ ಭೂಗತ ಲೋಕದ ಅಸಲಿ ಮುಖಗಳನ್ನೇ ತೆರೆಗೆ ತಂದರು. ಜಯರಾಜ್, ಕೊತ್ವಾಲ್ ರಾಮಚಂದ್ರ ಎಂಬ ಹೆಸರುಗಳು ಆಗಲೇ ಬೆಂಗಳೂರಿನ ಬಾಯಿಮಾತಾಗಿದ್ದವು. ಅದೇ ವರ್ಷ ‘ಹಾಯ್ ಬೆಂಗಳೂರ್’ ಪತ್ರಿಕೆಯೂ ಶುರುವಾಗಿ ಪಾತಕ ಲೋಕದ ಕತೆಗಳು ಹಳ್ಳಿಯ ಬಸ್‌ಸ್ಟ್ಯಾಂಡಿನವರೆಗೂ ಹೋದವು. ಸ್ಕೆಚ್, ಸುಪಾರಿ, ಲಾಂಗು, ಮಚ್ಚು ಎಂಬುವು ರೌಡಿಯನ್ನು ಕಣ್ಣಿಂದ ಕಾಣದ ಹುಡುಗರ ಮಾತಿನಲ್ಲೂ ಸೇರಿಕೊಂಡವು.

‘ಓಂ’ ರೌಡಿಸಂ ಬೇಡ ಎನ್ನುವ ಚಿತ್ರ. ಆ ಮಾತು ಚಿತ್ರದೊಳಗೇ ಇದೆ. ಮತ್ತೆ ಮತ್ತೆ ಬಿಡುಗಡೆಯಾದಾಗಲೂ ಥಿಯೇಟರಿನಲ್ಲಿ ಪಟಾಕಿ ಹೊಡೆದದ್ದು ಮಾತ್ರ ಆ ಮಾತಿಗಲ್ಲ. ಕನ್ವರ್‌ಲಾಲನಿಗೆ ಆದದ್ದೇ ಇಲ್ಲೂ ಆಯಿತು.

ಇಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ನಡೆಯಿತು. ರಾಯಣ್ಣ, ಲಕ್ಷ್ಮಣ, ಸುಶೀಲ್ ಕುಮಾರ್ ಇವರೆಲ್ಲ ಪರರ ಅನ್ಯಾಯಕ್ಕೆ ಎದ್ದವರು. ಲಾಂಗಿನ ನಾಯಕ ಎದ್ದದ್ದು ತನಗಾದ ಗಾಯಕ್ಕೆ. ಪ್ರೀತಿ, ತಾಯಿ, ಅವಮಾನ. ಆ ಗಾಯ ನಿಜವಾದದ್ದೇ. ಉದಾರೀಕರಣದ ಬೆಂಗಳೂರಿಗೆ ಮಂಡ್ಯದಿಂದ, ತುಮಕೂರಿನಿಂದ, ಮಲೆಮಹದೇಶ್ವರ ಬೆಟ್ಟದ ತಪ್ಪಲಿನಿಂದ ಬಸ್ಸು ಹತ್ತಿ ಬಂದು, ಯಾರಿಗೂ ಬೇಡದವನಾಗಿ ನಿಂತ ಹುಡುಗನ ಗಾಯ ಅದು. 2005ರ ‘ಜೋಗಿ’, 2007ರ ‘ದುನಿಯಾ’ ಇದನ್ನು ಚೆನ್ನಾಗಿ ಬಲ್ಲವು. ‘ಜೋಗಿ’ಯ ಕೊನೆಯಲ್ಲಿ ಮಗ ಯಾರದ್ದೋ ಶವಯಾತ್ರೆ ಎಂದುಕೊಂಡು ಕುಣಿಯುತ್ತಾನೆ, ಹೊತ್ತೊಯ್ಯುತ್ತಿರುವುದು ಅವನ ತಾಯಿಯನ್ನು. ಬೇಡಿಗಿಂತ ಭಾರವಾದ ಶಿಕ್ಷೆ. ಅಷ್ಟರ ಮಟ್ಟಿಗೆ ಲೆಕ್ಕ ಇನ್ನೂ ಚುಕ್ತಾ ಆಗುತ್ತಿತ್ತು. ಅಗ್ನಿ ಶ್ರೀಧರ್ ಅವರ ನೆನಪುಗಳನ್ನು ಆಧರಿಸಿದ ‘ಆ ದಿನಗಳು’ ಕೊಲೆಯನ್ನು ಬಿಲ್ಡಪ್ ಇಲ್ಲದೆ, ಹೆಚ್ಚುಕಡಿಮೆ ಆಫೀಸಿನ ಕೆಲಸದಂತೆ ತೋರಿಸಿತು. ಅದರ ದಾರಿ ಹಿಡಿದವರು ಕಡಿಮೆ.

2018 ಮತ್ತು 2022ರಲ್ಲಿ ‘ಕೆಜಿಎಫ್’ ಬಂದಾಗ ನಾಯಕನ ಗಾಯ ತಾಯಿಗೆ ಕೊಟ್ಟ ಮಾತಾಗಿ, ಮಾತು ಸಾಮ್ರಾಜ್ಯವಾಗಿ ಬೆಳೆದಿತ್ತು. ಎರಡನೇ ಭಾಗದಲ್ಲಿ ಅವನು ಸಂಸತ್ತಿನೊಳಗೇ ನುಗ್ಗಿ ಗುಂಡು ಹಾರಿಸುತ್ತಾನೆ. 1980ರ ದಶಕದ ನಾಯಕ ಅಲ್ಲಿಗೆ ಹೋಗಿದ್ದರೆ ರೈತರ ಪರವಾಗಿಯೋ ಕೂಲಿಗಳ ಪರವಾಗಿಯೋ ಒಂದು ಭಾಷಣವನ್ನಾದರೂ ಮಾಡುತ್ತಿದ್ದ. ಇವನಿಗೆ ಅದರ ಅಗತ್ಯವೂ ಕಾಣುವುದಿಲ್ಲ, ಪ್ರೇಕ್ಷಕರು ಕೇಳುವುದೂ ಇಲ್ಲ. ಕೊನೆಗೆ ಅವನೂ ಸಮುದ್ರದ ಪಾಲಾಗುತ್ತಾನೆ, ಆದರೆ ಚಿನ್ನದೊಂದಿಗೆ, ತನ್ನದೇ ಷರತ್ತಿನ ಮೇಲೆ. ಆ ಸಾವು ಶಿಕ್ಷೆಯಂತಿಲ್ಲ, ಮೆರವಣಿಗೆಯಂತಿದೆ. ಅಂದಹಾಗೆ ನಿಜವಾದ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಕಾರ್ಮಿಕರು ತಮ್ಮ ಬಾಕಿಗಾಗಿ ಸಂಘ ಕಟ್ಟಿಕೊಂಡು, ಅರ್ಜಿ ಹಿಡಿದುಕೊಂಡು, ಕಚೇರಿ ಕಚೇರಿ ಅಲೆದರು. ಆ ಅಲೆದಾಟಕ್ಕೆ ಹಿನ್ನೆಲೆ ಸಂಗೀತ ಯಾರೂ ಕೊಡಲಿಲ್ಲ.

ಈ ಬೆಳವಣಿಗೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಬ್ರಯಾನ್ ಗಾರ್ಫೀಲ್ಡ್ 1972ರಲ್ಲಿ ‘ಡೆತ್ ವಿಶ್’ ಬರೆದದ್ದು ಸೇಡಿನ ಮನುಷ್ಯ ಹೇಗೆ ಹಾಳಾಗುತ್ತಾನೆಂದು ತೋರಿಸಲಿಕ್ಕೆ. 1974ರ ಸಿನಿಮಾದಲ್ಲಿ ಅದು ಜಯಭೇರಿಯಾಯಿತು, ಬೇಸತ್ತ ಲೇಖಕ ಅದಕ್ಕೆ ಉತ್ತರವಾಗಿ ಇನ್ನೊಂದು ಕಾದಂಬರಿ ಬರೆದರು. ಅದೇ 1974ರಲ್ಲಿ ಕಾಮಿಕ್ಸ್‌ನಲ್ಲಿ ಹುಟ್ಟಿದ ‘ಪನಿಷರ್’ನ ತಲೆಬುರುಡೆ ಚಿಹ್ನೆ ಮುಂದೆ ಪೊಲೀಸರ ವಾಹನಗಳ ಮೇಲೂ ಕಾಣಿಸಿಕೊಂಡಿತು. ಕಾನೂನು ಸೋತ ಜಾಗದಲ್ಲಿ ಹುಟ್ಟಿದ ಪಾತ್ರದ ಗುರುತನ್ನು ಕಾನೂನಿನವರೇ ಧರಿಸುವುದು ಏನೆಂದು ಅದರ ಸೃಷ್ಟಿಕರ್ತರಲ್ಲೊಬ್ಬರಾದ ಗೆರಿ ಕಾನ್ವೆ ಬೇಸರಪಟ್ಟುಕೊಂಡರು. ಎಚ್ಚರಿಕೆ ಎಂದು ಬರೆದದ್ದನ್ನು ಆಹ್ವಾನ ಎಂದು ಓದಿಕೊಳ್ಳುವುದು ಎಲ್ಲ ಕಡೆಯ ರೋಗ.

ಗೋಪಿನಾಥಂ

ಕಲ್ಪನೆಯ ನಾಯಕನ ಪಕ್ಕದಲ್ಲೇ ನಮ್ಮ ಕಾಡಿನಲ್ಲಿ ಒಬ್ಬ ನಿಜವಾದವನೂ ಇದ್ದ. ವೀರಪ್ಪನ್ ಬಗ್ಗೆ ಪುಸ್ತಕ, ಸಿನಿಮಾ, ಧಾರಾವಾಹಿಗಳು ಸಾಲು ಸಾಲಾಗಿ ಬಂದಿವೆ. ಆನೆ, ಶ್ರೀಗಂಧ, ಕೊಲೆಗಳ ಲೆಕ್ಕ ಎಲ್ಲರಿಗೂ ಗೊತ್ತಿದ್ದೂ ಬಡವರಿಗೆ ಕೊಡುತ್ತಿದ್ದನಂತೆ ಎಂಬ ಮಾತು ಕೊನೆಯವರೆಗೂ ಹೋಗಲಿಲ್ಲ. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಇಟ್ಟುಕೊಂಡಾಗ ಕರ್ನಾಟಕದಲ್ಲಿ ಆ ಮಾತಿನ ಸದ್ದು ಅಡಗಿತು.

ಅವನ ಹುಟ್ಟೂರು ಗೋಪಿನಾಥಂನಲ್ಲಿ ಡಿಸಿಎಫ್ ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿ ಬೇರೆಯದೇ ಕೆಲಸ ಮಾಡಿದ್ದರು. ಊರವರೊಡನೆ ಇದ್ದು ಮಾರಿಯಮ್ಮನ ಗುಡಿ ಕಟ್ಟಿಸಿದರು, ಔಷಧಿಯ ವ್ಯವಸ್ಥೆ ಮಾಡಿದರು, ಗುಂಪಿನ ಹಲವರನ್ನು ಮಾತಿನಿಂದಲೇ ಶರಣಾಗಿಸಿದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್‌ನಲ್ಲಿ ಆಯುಧವಿಲ್ಲದೆ ಕಾಡಿಗೆ ಹೋದರು, ಅಲ್ಲೇ ಕೊಲೆಯಾದರು. ಮರಣೋತ್ತರ ಕೀರ್ತಿಚಕ್ರ ಬಂತು. ಗೋಪಿನಾಥಂನವರು ಅವರನ್ನು ಮರೆತಿಲ್ಲ. ಜನಪ್ರಿಯ ಕತೆಗಳಲ್ಲಿ ಮಾತ್ರ ಅವರಿಗೆ ಸಿಗುವುದು ಎರಡು ದೃಶ್ಯ: ಒಳ್ಳೆಯವರೆಂದು ತೋರಿಸಲು ಒಂದು, ಸಾಯಲು ಒಂದು.

ಮೂರನೆಯ ಪಾತ್ರಧಾರಿಗಳು ಇನ್ನೂ ಹಿಂದೆ ಸರಿದುಹೋದರು. ವೀರಪ್ಪನ್ ಬೇಟೆಗೆ ಬಂದ ಎರಡು ರಾಜ್ಯಗಳ ಕಾರ್ಯಪಡೆಗಳು ಸುಳಿವಿಗಾಗಿ ಹಳ್ಳಿಯವರನ್ನು ಹಿಡಿದೊಯ್ದವು. ಮಲೆಮಹದೇಶ್ವರ ಬೆಟ್ಟದ ಒಂದು ಶಿಬಿರಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರೇ ಬಿದ್ದಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿ ವಿಚಾರಣೆ ನಡೆಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಶಿಫಾರಸು ಮಾಡಿತು. ಸಿನಿಮಾದಲ್ಲಿ ನಾಯಕ ಪೊಲೀಸ್ ಶಂಕಿತನ ಕೆನ್ನೆಗೆ ಬಾರಿಸಿ ಸತ್ಯ ಹೊರಡಿಸುವಾಗ ನಾವು ನಗುತ್ತೇವೆ, ಏಕೆಂದರೆ ಅವನು ಕಳ್ಳನೆಂದು ನಮಗೆ ಮೊದಲೇ ತೋರಿಸಿದ್ದಾರೆ. ಬೆಟ್ಟದ ಹಳ್ಳಿಗಳಲ್ಲಿ ಯಾರಿಗೂ ಯಾರೂ ಮೊದಲೇ ಏನನ್ನೂ ತೋರಿಸಿರಲಿಲ್ಲ.

ಹೂವು ಮತ್ತು ಚಾಕೊಲೇಟು

2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದಿನ ಹೊರವಲಯದಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವಿನ ಮಳೆಗರೆದರು. ಕರ್ನಾಟಕದಲ್ಲೂ ಸಿಹಿ ಹಂಚಿದವರಿದ್ದರು. ಎನ್‌ಕೌಂಟರ್‌ಗಳಲ್ಲಿ ಪಾಲಿಸಬೇಕಾದ 16 ಸೂತ್ರಗಳನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಕೋರ್ಟು ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗ ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದೂ, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಹೇಳಿತು. ಆ ವರದಿ ಹೊರಬಂದದ್ದು 2022ರ ಮೇ ತಿಂಗಳಲ್ಲಿ. ಹೂವು ಬಾಡಿ ಎರಡೂವರೆ ವರ್ಷವಾಗಿತ್ತು, ಯಾರೂ ಅದನ್ನು ಅಷ್ಟಾಗಿ ಓದಲಿಲ್ಲ.

ಇನ್ನೊಂದು ನಮ್ಮದೇ ಬೀದರ್ ಜಿಲ್ಲೆಯದು. 2018ರ ಜುಲೈ 13ರಂದು ಹೈದರಾಬಾದಿನಿಂದ ಸ್ನೇಹಿತರ ಊರಿಗೆ ಬಂದಿದ್ದ ಕೆಲವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್ಯಾಪ್‌ನಲ್ಲಿ ವಿಡಿಯೊ ಹರಿಯಿತು. ಮುರ್ಕಿಯಲ್ಲಿ ಗುಂಪು ಕಾರನ್ನು ಅಡ್ಡಗಟ್ಟಿತು, ಒಬ್ಬ ಯುವಕ ಸತ್ತ, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ನಾಲ್ಕು ದಿನದ ನಂತರ ಸುಪ್ರೀಂ ಕೋರ್ಟ್ ಗುಂಪುಹತ್ಯೆ ತಡೆಯಲು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಆ ಗುಂಪಿನಲ್ಲಿದ್ದವರು ಯಾವ ಸಿನಿಮಾ ನೋಡಿದ್ದರೋ ಕೇಳಿ ಪ್ರಯೋಜನವಿಲ್ಲ. ಸಿನಿಮಾದಿಂದಲೇ ಕೊಂದರು ಎಂಬ ಸುಲಭದ ಮಾತನ್ನು ನಾನು ಒಪ್ಪುವುದೂ ಇಲ್ಲ. ಆದರೆ ಪ್ರೇಕ್ಷಕನಿಗೆ ಕತ್ತಲೆಯ ಹಾಲಿನಲ್ಲಿ ಸಿಗುವ ಖಾತ್ರಿ ಅವರಿಗೆ ಒಂದು ಮೊಬೈಲ್ ಪರದೆಯಲ್ಲಿ ಸಿಕ್ಕಿತ್ತು. ಎಲ್ಲರೂ ಕಣ್ಣಾರೆ ಕಂಡಿದ್ದೇವೆ ಎಂದುಕೊಂಡಿದ್ದರು.

ಕೋರ್ಟಿನ ಮೇಲೆ ನಂಬಿಕೆ ಹೋಗಿದೆ, ಅದಕ್ಕೇ ಇಂಥ ನಾಯಕ ಬೇಕಾಗಿದ್ದಾನೆ ಎಂಬ ಮೂರನೆಯವರ ವಾದಕ್ಕೆ ಬರೋಣ. ನಂಬಿಕೆ ಹೋಗಲು ಕಾರಣವಿಲ್ಲದಿಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾನೂನು ಕೈಬಿಟ್ಟವರು ಯಾರು ಎಂದು ಕೇಳಿದರೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಹಾಗಾದರೆ ನಮ್ಮ ಜನಪ್ರಿಯ ಕತೆಗಳ ಲಾಂಗು ಹಿಡಿದ ನಾಯಕ ಎಷ್ಟು ಸಲ ಕಂಬಾಲಪಲ್ಲಿಯಂಥ ಊರಿಗೆ ಹೋಗಿದ್ದಾನೆ? ಅವನ ಸಿಟ್ಟಿಗೆ ಗುರಿಯಾಗುವುದು ಭ್ರಷ್ಟ ಮಂತ್ರಿ, ಡ್ರಗ್ಸ್ ಮಾರುವವನು, ತಂಗಿಯನ್ನು ಕಾಡುವವನು. ಊರಿನ ಜಾತಿಯ ಲೆಕ್ಕವನ್ನು ಅವನು ಮುಟ್ಟುವುದು ಅಪರೂಪ. ಅಲ್ಲಿ ಪ್ರೇಕ್ಷಕರೆಲ್ಲ ಒಂದೇ ಕಡೆ ನಿಲ್ಲುತ್ತಾರೆಂಬ ಖಾತ್ರಿ ಇಲ್ಲವಲ್ಲ. ಕಂಬಾಲಪಲ್ಲಿಯ ಪರವಾಗಿ ನಿಂತದ್ದು ದಲಿತ ಸಂಘಟನೆಗಳು, ಧರಣಿಗಳು, ಮೇಲ್ಮನವಿಗಳು. ಗೆಲುವು ಸಿಗಲಿಲ್ಲ.

ಕೋರ್ಟಿನ ದಾರಿಯನ್ನೇ ಕತೆಯಾಗಿಸಿ ಗೆದ್ದ ಉದಾಹರಣೆ ಇಲ್ಲದಿಲ್ಲ. 2021ರಲ್ಲಿ ತಮಿಳಿನ ‘ಜೈ ಭೀಮ್’ ಒಟಿಟಿಯಲ್ಲಿ ಬಂದು, ಕನ್ನಡದ ಧ್ವನಿಯಲ್ಲೂ ಸಿಕ್ಕಿ, ಇಲ್ಲಿಯ ಮನೆಗಳಲ್ಲೂ ಜನ ಮಾತಾಡಿಕೊಳ್ಳುವಂತೆ ಮಾಡಿತು. ಪೊಲೀಸ್ ಠಾಣೆಯಲ್ಲಿ ಸತ್ತ ಬಡವನೊಬ್ಬನ ಹೆಂಡತಿಯ ಪರವಾಗಿ ವಕೀಲನೊಬ್ಬ, ಹಿಡಿದೊಯ್ದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದರಿಂದ ಬಿಸಿಯೇರುವ ಚಿತ್ರ ಅದು. ಆ ಅರ್ಜಿಯನ್ನು ನಿಜವಾಗಿ ನಡೆಸಿದವರು ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದ ಕೆ. ಚಂದ್ರು. ಘಟನೆ 1993ರದು, ಪೊಲೀಸರ ಶಿಕ್ಷೆ ಹೈಕೋರ್ಟಿನಲ್ಲಿ ಖಾಯಂ ಆದದ್ದು 2006ರಲ್ಲಿ. ಹದಿಮೂರು ವರ್ಷ. ಚಿತ್ರದಲ್ಲಿ ಇದೆಲ್ಲ ಮೂರು ಗಂಟೆಯೊಳಗೆ ಮುಗಿಯುತ್ತದೆ.